ಇಪ್ಪತ್ತೆರಡನೆಯ ಪ್ರಶ್ನೆ

ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದು ಮೊಮ್ಮಗಳು ಹೇಳಿದ ಕೆಲಸಕ್ಕೆ ರುಕ್ಮಿಣಮ್ಮ ಹನ್ನೊಂದು ದಿನ ತೆಗೆದುಕೊಂಡರು.

ಮೊಮ್ಮಗಳ ಹೆಸರು ವರ್ಷಿಣಿ. ಮಗಳು ಸೌಂದರ್ಯಳ ಮಗಳು. ಸೌಂದರ್ಯ ಮತ್ತು ಅವಳ ಗಂಡ ಕೊಟ್ಟಿಗೆಹಾರದಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ಘಾಟಿ ಹತ್ತಿ ಬಂದ ಬಸ್ಸು ಲಾರಿಗಳೆಲ್ಲ ಅಲ್ಲೇ ನಿಂತು ಉಸಿರು ಬಿಡುವುದರಿಂದ ದಿನವಿಡೀ ಗದ್ದಲ. ಹೋಟೆಲಿನ ಹಿಂದಿನ ಎರಡು ಕೋಣೆಗಳಲ್ಲಿ ಪುಸ್ತಕ ಬಿಡಿಸಿ ಕೂರಲು ಜಾಗವಿರಲಿಲ್ಲ. ಹಾಗಾಗಿ ಹುಡುಗಿ ಗೋಣಿಬೀಡಿನ ಅಜ್ಜಿಮನೆಯಲ್ಲಿದ್ದುಕೊಂಡು ಮೂಡಿಗೆರೆಯ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಮನೆಯಲ್ಲಿ ಅಜ್ಜಿಯಲ್ಲದೆ ಮಾವ ಧರ್ಮೇಶ್, ಅವನ ಹೆಂಡತಿ ಮುತ್ತಮ್ಮ. ಆರು ಎಕರೆ ಕಾಫಿ, ನಡುವೆ ಮೆಣಸು, ಎರಡು ಹಸು, ಒಂದು ಹಳೆಯ ಜೀಪು.

ಆ ಫೆಬ್ರವರಿಯಲ್ಲಿ ರಾಜ್ಯಶಾಸ್ತ್ರದ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. ಇಂಟರ್‌ನೆಟ್ಟಿನಲ್ಲಿ 'ನಿಮ್ಮ ರಾಜಕೀಯ ಒಲವು ಯಾವ ಕಡೆ?' ಎಂಬ ಒಂದು ಕ್ವಿಜ್ ಇದೆ, ಕನ್ನಡದಲ್ಲೇ ಇದೆ, ಮನೆಯಲ್ಲಿ ಅರವತ್ತು ದಾಟಿದ ಒಬ್ಬರಿಂದ ಅದನ್ನು ತುಂಬಿಸಿ, ಅವರ ಬಗ್ಗೆ ಎರಡು ಪುಟ ಬರೆದುಕೊಂಡು ಬನ್ನಿ ಎಂದು. ಮುಂದಿನ ವಾರದ ಶನಿವಾರ ಸಂಜೆಯೊಳಗೆ ಕ್ವಿಜ್ ಮುಗಿದಿರಬೇಕು. ಕ್ಲಾಸಿನ ಅರ್ಧ ಜನ ಅಂದೇ ಬಸ್ಸಿನಲ್ಲಿ ಕೂತು ತಮ್ಮ ತಮ್ಮ ಅಜ್ಜ ಅಜ್ಜಿಯರ ಪರವಾಗಿ ತಾವೇ ಒತ್ತಿ ಮುಗಿಸಿದರು. ವರ್ಷಿಣಿ ಹಾಗೆ ಮಾಡಲಿಲ್ಲ. ಸಂಜೆ ಅಜ್ಜಿಯ ಪಕ್ಕ ಕುಳಿತು ಫೋನು ತೆಗೆದಳು.

"ಅಜ್ಜಿ, ಮೂವತ್ತು ಮಾತು ಇದಾವೆ. ನಾನು ಓದ್ತೀನಿ. ಪೂರ್ತಿ ಒಪ್ತೀನಿ, ಒಪ್ತೀನಿ, ಹೇಳಲಾರೆ, ಒಪ್ಪಲ್ಲ, ಖಂಡಿತ ಒಪ್ಪಲ್ಲ. ಇಷ್ಟರಲ್ಲಿ ಒಂದು ಹೇಳಿದ್ರೆ ಸಾಕು."

"ಯಾರು ಕೇಳ್ತಿರದು?"

"ಯಾರೂ ಅಲ್ಲ, ಕಂಪ್ಯೂಟರು."

"ಕಂಪ್ಯೂಟರಿಗೆ ನಾನು ಯಾವ ಕಡೆ ಅಂತ ತಗೊಂಡು ಎಂತ ಆಗ್ಬೇಕು ಮಾರಾಯ್ತಿ?" ಎಂದರು ರುಕ್ಮಿಣಮ್ಮ. ಆದರೂ ಮೊರದಲ್ಲಿದ್ದ ಮೆಣಸನ್ನು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ಕುಳಿತರು.

ಅವರಿಗೆ ಎಪ್ಪತ್ತು ವರ್ಷ. ಮದುವೆಯಾದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಮತದಾನದ ದಿನ ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಡುವಾಗ ಗಂಡ ಸುಬ್ಬಣ್ಣ ಯಾವ ಗುರುತು ಎಂದು ಹೇಳುತ್ತಿದ್ದರು, ಇವರು ಹೋಗಿ ಅದಕ್ಕೆ ಒತ್ತಿ ಬರುತ್ತಿದ್ದರು. ಅದರಲ್ಲಿ ಅವರಿಗೆ ಬೇಸರವೇನೂ ಇರಲಿಲ್ಲ. ಗೊಬ್ಬರ ಯಾವ ಅಂಗಡಿಯಿಂದ ತರಬೇಕು ಎಂಬುದು ಹೇಗೆ ಗಂಡಸರ ವಿಷಯವೋ ಇದೂ ಹಾಗೆ ಎಂದುಕೊಂಡಿದ್ದರು. ಒಂದೇ ಒಂದು ಸಲ, ಊರಿನ ನರ್ಸಮ್ಮ ಚುನಾವಣೆಗೆ ನಿಂತಾಗ, ಗಂಡನಿಗೆ ಹೇಳದೆ ಅವಳಿಗೆ ಹಾಕಿ ಬಂದಿದ್ದರು. ಮುಖ ನೋಡಿಯೇ ಗಂಡನಿಗೆ ಗೊತ್ತಾಗಿಬಿಡುತ್ತದೇನೋ ಎಂದು ಎಂಟು ದಿನ ಹೆದರಿಕೊಂಡಿದ್ದರು. ನರ್ಸಮ್ಮ ಸೋತಳು. ಸುಬ್ಬಣ್ಣ ತೀರಿಕೊಂಡ ಮೇಲೆ ಗುರುತು ಹೇಳುವ ಕೆಲಸ ಮಗ ಧರ್ಮೇಶನದಾಯಿತು.

ಮೊದಲನೆಯ ಮಾತು, ಖಾಸಗಿ ಆಸ್ಪತ್ರೆಗಳು ಸರ್ಕಾರಿ ಆಸ್ಪತ್ರೆಗಳಿಗಿಂತ ಚೆನ್ನಾಗಿ ನಡೆಯುತ್ತವೆ ಎಂಬುದು.

"ಯಾವ ಆಸ್ಪತ್ರೆ?"

"ಯಾವುದಾದ್ರೂ ಅಜ್ಜಿ. ಒಟ್ಟಾರೆ."

"ಒಟ್ಟಾರೆ ಅಂದ್ರೆ ಹೆಂಗೆ ಹೇಳದು? ನಿನ್ನ ಅಮ್ಮ ಹುಟ್ಟಿದ್ದು ಸರ್ಕಾರಿ ಆಸ್ಪತ್ರೇಲಿ. ಕಾಲು ಮುಂದಾಗಿತ್ತು. ಆ ಡಾಕ್ಟ್ರಮ್ಮ ಇಲ್ದಿದ್ರೆ ಅವಳೂ ಇಲ್ಲ, ನೀನೂ ಇಲ್ಲ. ನಿನ್ನ ಅಜ್ಜನ ಕಣ್ಣು ಸರಿ ಮಾಡಿದ್ದು ಖಾಸಗಿಯವ್ರು. ನಾಳೆ ಹೇಳ್ತೀನಿ, ಯೋಚನೆ ಮಾಡ್ಬೇಕು."

ಹೀಗೆ ಮೊದಲ ದಿನ ಆದದ್ದು ಅರ್ಧ ಪ್ರಶ್ನೆ. ವರ್ಷಿಣಿ ತಲೆ ಚಚ್ಚಿಕೊಂಡಳು. ಆದರೆ ಮರುದಿನ ಬೆಳಿಗ್ಗೆ ಬಸ್ಸಿಗೆ ಓಡುವ ಹೊತ್ತಿನಲ್ಲಿ ಅಜ್ಜಿ ಗೇಟಿನ ತನಕ ಬಂದು "ಒಪ್ಪಲ್ಲ ಅಂತ ಒತ್ತು, 'ಖಂಡಿತ' ಬೇಡ, ಬರೀ ಒಪ್ಪಲ್ಲ" ಎಂದಾಗ ಅವಳಿಗೆ ನಗು ಬಂತು, ಒಂಥರಾ ಖುಷಿಯೂ ಆಯಿತು.

ಆಮೇಲೆ ಅದು ಮನೆಯ ದಿನಚರಿಯೇ ಆಗಿಹೋಯಿತು. ತೋಟದ ಕೆಲಸಗಾರರ ಕೂಲಿಯನ್ನು ಸರ್ಕಾರವೇ ಗೊತ್ತುಮಾಡಬೇಕೇ ಎಂಬ ಪ್ರಶ್ನೆ ಬಂದಾಗ ರುಕ್ಮಿಣಮ್ಮ ನೇರವಾಗಿ ಕಣಕ್ಕೆ ಹೋದರು. ಅಲ್ಲಿ ಭಾಗಮ್ಮ ಒಣಗಲು ಹರವಿದ ಕಾಫಿಯನ್ನು ಕಾಲಿನಿಂದ ಸಾಲುಸಾಲಾಗಿ ತಿರುವುತ್ತಿದ್ದಳು. ಮೂವತ್ತು ವರ್ಷದಿಂದ ಈ ಮನೆಯ ತೋಟದಲ್ಲಿ ದುಡಿಯುತ್ತಿದ್ದವಳು.

"ನನ್ನನ್ನ ಎಂತಕ್ಕೆ ಕೇಳ್ತೀರಿ ಅಮ್ಮಾವ್ರೆ? ಕೊಡೋರು ನೀವು," ಎಂದಳು ಭಾಗಮ್ಮ.

"ಅದಕ್ಕೇ ಕೇಳ್ತಿರದು. ತಗೊಳ್ಳೋಳು ನೀನು."

ಭಾಗಮ್ಮ ನಕ್ಕಳು. ಕಣದ ಆ ತುದಿಯವರೆಗೆ ಹೋಗಿ ತಿರುಗಿ ಬಂದಳು. "ಕೂಲಿ ಹೆಂಗೋ ಸಿಗ್ತದೆ ಅಮ್ಮಾವ್ರೆ. ಆಷಾಢದ ಮಳೇಲಿ ಹದಿನೈದು ದಿನ ಕೆಲಸ ಇರಲ್ಲ. ಆವಾಗ ಒಲೆ ಮೇಲೆ ಎಂತ ಇಡ್ತೀಯ ಅಂತ ಆ ಫೋನಲ್ಲಿ ಯಾರಾದ್ರೂ ಕೇಳಿದಾರಾ ನೋಡಿ," ಎಂದಳು.

ಅದನ್ನು ಯಾರೂ ಕೇಳಿರಲಿಲ್ಲ. ಫೋನಿನಲ್ಲೂ ಇಲ್ಲ, ಮೂವತ್ತು ವರ್ಷದಲ್ಲಿ ತಾವೂ ಕೇಳಿರಲಿಲ್ಲ ಎಂಬುದು ರುಕ್ಮಿಣಮ್ಮನಿಗೆ ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಅಂದು 'ಪೂರ್ತಿ ಒಪ್ಪುತ್ತೇನೆ' ಎಂದು ಒತ್ತಿಸಿದರು.

ಉಚಿತ ಯೋಜನೆಗಳು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತವೆ ಎಂಬುದನ್ನು ವರ್ಷಿಣಿ ಓದಿದಾಗ ಧರ್ಮೇಶ್ ಜಗಲಿಯಲ್ಲಿ ಬೂಟು ಬಿಚ್ಚುತ್ತಿದ್ದ. "ಪೂರ್ತಿ ಒಪ್ತೀನಿ ಅಂತ ಒತ್ತೇ ವರ್ಷಿಣಿ!" ಎಂದು ಅಲ್ಲಿಂದಲೇ ಕೂಗಿದ.

"ಅವನದ್ದು ಅವನ ಫೋನಲ್ಲಿ ಒತ್ಕೊಳ್ಲಿ," ಎಂದರು ರುಕ್ಮಿಣಮ್ಮ. "ನಾನು ತಿಂಗಳಿಗೆ ಎರಡು ಸಲ ಸರ್ಕಾರಿ ಬಸ್ಸಿಗೆ ಕಾದು ಕೊಟ್ಟಿಗೆಹಾರಕ್ಕೆ ಹೋಗಿ ಮಗಳ ಮುಖ ನೋಡಿ ಬರ್ತೀನಿ. ಮುಂಚೆ ವರ್ಷಕ್ಕೆ ಎರಡು ಸಲ ಹೋಗ್ತಿದ್ದೆ. ಈಗ ನಾನು ಸೋಮಾರಿ ಆಗಿದೀನಾ? ನೀನೇ ಹೇಳು ಧರ್ಮೇಶ."

ಒಳಗೆ ಮುತ್ತಮ್ಮ ಸೆರಗು ಬಾಯಿಗೆ ಹಿಡಿದು ನಕ್ಕ ಸದ್ದು ಕೇಳಿಸಿತು. ಧರ್ಮೇಶನೂ ನಕ್ಕ. ಅವನು ಕೆಟ್ಟವನಲ್ಲ. ಬೆಳಗಾದರೆ ತೋಟ, ಸಂಜೆಯಾದರೆ ತೋಟ ಎಂದು ದುಡಿಯುವ ಗಂಡಸು.

ಕಾಡುಪ್ರಾಣಿಗಳಿಗಿಂತ ರೈತರ ರಕ್ಷಣೆ ಮುಖ್ಯವೇ ಎಂಬುದಕ್ಕೆ ಎರಡು ದಿನ ಹಿಡಿಯಿತು. ಆನೆ ಬಂದು ಬಾಳೆ ಸಮೇತ ಬೇಲಿ ತುಳಿದು ಹೋದದ್ದು ಹೋದ ವರ್ಷವಷ್ಟೇ. ಪಕ್ಕದ ತೋಟದ ಕೆಲಸಗಾರನೊಬ್ಬ ಆನೆಗೆ ಸಿಕ್ಕಿ ಸತ್ತದ್ದೂ ಅವರಿಗೆ ಗೊತ್ತು. ಆದರೂ ಕೊನೆಗೆ 'ಹೇಳಲಾರೆ' ಎಂದರು. "ಗೊತ್ತಿಲ್ಲ ಅನ್ನದಕ್ಕೂ ಒಂದು ಜಾಗ ಇಟ್ಟಿದಾರಲ್ಲ, ಅದು ಒಳ್ಳೇದು ಮಾಡಿದಾರೆ," ಎಂದು ಸೇರಿಸಿದರು.

ದಿನ ಕಳೆದಂತೆ ಅವರ ನಡಿಗೆಯೇ ಬದಲಾದ ಹಾಗಿತ್ತು. ತಮಗೆ ಒಂದು ಅಭಿಪ್ರಾಯವಿದೆ, ಅದನ್ನು ಯಾರೋ ಎಲ್ಲೋ ಕುಳಿತು ಬರೆದುಕೊಳ್ಳಲು ಕಾದಿದ್ದಾರೆ ಎಂಬುದು ಅವರಿಗೆ ಹೊಸ ಸೀರೆ ಉಟ್ಟಷ್ಟು ಹಿತವಾಗಿತ್ತು.

ಏಳನೆಯ ದಿನ, ಮಂಗಳವಾರ, ವರ್ಷಿಣಿ ಇಪ್ಪತ್ತೆರಡನೆಯ ಮಾತನ್ನು ಓದಿದಳು.

"ತಂದೆ ತಾಯಿಯ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಸಿಗಬೇಕು."

ಅವಳು ಹೆಬ್ಬೆರಳನ್ನು ಪರದೆಯ ಮೇಲೆ ಸಿದ್ಧವಾಗಿಟ್ಟುಕೊಂಡು ಅಜ್ಜಿಯ ಮುಖ ನೋಡಿದಳು. ಇದಕ್ಕೆ ಯೋಚನೆ ಬೇಕಾಗಲಾರದು ಎಂದುಕೊಂಡಿದ್ದಳು. ಆದರೆ ರುಕ್ಮಿಣಮ್ಮ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಮೆಣಸು ಆರಿಸತೊಡಗಿದರು.

"ಇದನ್ನ ಬಿಡು. ಮುಂದಿನದ್ದು ಓದು."

"ಬಿಟ್ರೆ ಸಬ್‌ಮಿಟ್ ಆಗಲ್ಲ ಅಜ್ಜಿ."

"ಕೊನೇಲಿ ನೋಡದು. ಓದು ಮುಂದೆ."

ಆಗಿದ್ದು ಇಷ್ಟು. ಆರು ವರ್ಷದ ಹಿಂದೆ ಸುಬ್ಬಣ್ಣ ತೀರಿಕೊಂಡ ಮೇಲೆ ಖಾತೆ ಬದಲಾಗಬೇಕಿತ್ತು. ಮಗಳದ್ದೊಂದು ಹಕ್ಕು ಬಿಡುಗಡೆ ಪತ್ರ ಆಗಿಬಿಟ್ಟರೆ ಎಲ್ಲ ಸಲೀಸು ಎಂದು ಧರ್ಮೇಶ್ ಹೇಳಿದ. ಸೌಂದರ್ಯಳಿಗೆ ಫೋನು ಮಾಡಿದ್ದು ರುಕ್ಮಿಣಮ್ಮನೇ. "ಒಂದು ಸಹಿ ಹಾಕಿ ಹೋಗು ಬಾ ಮಗಾ," ಎಂದಿದ್ದರು. ಸೌಂದರ್ಯ ಬಂದಳು. ಮೂಡಿಗೆರೆಯ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದಳು. ಸಂಜೆಯ ಗಿರಾಕಿ ತಪ್ಪುತ್ತದೆ ಎಂದು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು. ರುಕ್ಮಿಣಮ್ಮ ಅವಳ ಕೈಗೆ ಒಂದು ಸೀರೆ ಕೊಟ್ಟರು. ನಾಲ್ಕು ಎಕರೆ ಧರ್ಮೇಶನ ಹೆಸರಿಗೆ, ಹೊಳೆ ಬದಿಯ ಎರಡು ಎಕರೆ ರುಕ್ಮಿಣಮ್ಮನ ಹೆಸರಿಗೆ ಆಯಿತು. ಊರಿನಲ್ಲಿ ಎಲ್ಲರ ಮನೆಯಲ್ಲೂ ಆಗುವುದು ಹೀಗೆಯೇ. ಯಾರೂ ಜಗಳವಾಡಲಿಲ್ಲ, ಯಾರೂ ಅಳಲಿಲ್ಲ. ಸೌಂದರ್ಯ ಆ ವಿಷಯ ಮತ್ತೆ ಎತ್ತಲೇ ಇಲ್ಲ. ಮಗಳನ್ನೇ ಓದಲಿಕ್ಕೆ ಈ ಮನೆಗೆ ಕಳಿಸಿದಳು.

ಈಗ ಆ ಮಾತಿಗೆ 'ಒಪ್ಪುವುದಿಲ್ಲ' ಎಂದರೆ ಸುಳ್ಳು. ಒಪ್ಪುತ್ತೇನೆ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು. 'ಹೇಳಲಾರೆ' ಎನ್ನೋಣವೆಂದರೆ ಇದೇನು ಆನೆಯ ಪ್ರಶ್ನೆಯೇ? ಇದಕ್ಕೆ ಉತ್ತರ ಅವರಿಗೆ ಗೊತ್ತಿತ್ತು. ಮೂರು ದಿನ ಅವರು ಸುಮ್ಮನೆ ಓಡಾಡಿದರು. ಮಧ್ಯಾಹ್ನ ಹೊಳೆ ಬದಿಯ ತೋಟಕ್ಕೆ ಹೋಗಿ ಗಿಡಗಳ ನಡುವೆ ನಿಂತು ಬಂದರು. ಉಳಿದ ಇಪ್ಪತ್ತೊಂಬತ್ತು ಮಾತುಗಳಿಗೂ ಉತ್ತರ ಆಗಿತ್ತು. "ಅಜ್ಜಿ, ಶನಿವಾರ ಕೊನೇ ದಿನ," ಎಂದು ವರ್ಷಿಣಿ ದಿನಕ್ಕೆರಡು ಸಲ ನೆನಪಿಸುತ್ತಿದ್ದಳು. "ಗೊತ್ತುಂಟು ಕಣೆ. ನೀನೇ ಒತ್ತಬೇಡ. ಅದು ನಂದು," ಎನ್ನುತ್ತಿದ್ದರು.

ಶನಿವಾರ ಬೆಳಿಗ್ಗೆ ಕಡುಬು ಬಡಿಸುತ್ತಾ ರುಕ್ಮಿಣಮ್ಮ ಮಗನಿಗೆ ಹೇಳಿದರು:

"ಧರ್ಮೇಶ, ಹೊಳೆ ಬದಿ ಎರಡು ಎಕರೆ ಸೌಂದರ್ಯಂಗೆ ಬರೆದು ಕೊಡ್ತೀನಿ."

ಧರ್ಮೇಶನ ಕೈ ತಟ್ಟೆಯಲ್ಲೇ ನಿಂತಿತು. ಆ ಎರಡು ಎಕರೆಯಲ್ಲಿ ಹಳೆಯ ಗಿಡ ಕಿತ್ತು ಹೊಸದು ನೆಟ್ಟವನು ಅವನು. ಮೋಟಾರು ಕೂರಿಸಿದವನೂ ಅವನೇ.

"ಇದ್ದಕ್ಕಿದ್ದ ಹಾಗೆ ಎಂತ ಆಯ್ತು ಅವ್ವ ನಿಂಗೆ? ಅವಳು ಕೇಳಿದ್ಲಾ?"

"ಅವಳು ಕೇಳಿಲ್ಲ."

"ಮತ್ತೆ ಯಾರು ತಲೆಗೆ ತುಂಬಿದ್ದು?" ಎಂದವನ ಕಣ್ಣು ವರ್ಷಿಣಿಯ ಕಡೆ ಹೊರಳಿತು. "ಹೋ, ಇದಕ್ಕೇನಾ ಹತ್ತು ದಿನದಿಂದ ಫೋನು ಹಿಡ್ಕಂಡು ಅಜ್ಜಿ ಮೊಮ್ಮಗಳು ಕೂರ್ತಿದ್ದದ್ದು? ಉಂಡ ಮನೆ ಜಂತಿ ಎಣಿಸದು ಅಂದ್ರೆ ಇದೇ ನೋಡು!"

ವರ್ಷಿಣಿಗೆ ಮೊದಲು ಅರ್ಥವೇ ಆಗಲಿಲ್ಲ. ಅಮ್ಮ ಸಹಿ ಹಾಕಿದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಆಗ ಅವಳು ಎಂಟನೇ ಕ್ಲಾಸಿನಲ್ಲಿದ್ದಳು. ಮಾತು ಯಾರಿಗೆ ಬಿತ್ತು ಎಂದು ತಿಳಿದ ಕೂಡಲೇ ಅವಳ ಕಣ್ಣು ತುಂಬಿತು. ತಟ್ಟೆ ಬಿಟ್ಟು ಎದ್ದು ಹೋಗಿ ಕೋಣೆಯಲ್ಲಿ ಬಟ್ಟೆ ಬ್ಯಾಗಿಗೆ ತುರುಕತೊಡಗಿದಳು.

ರುಕ್ಮಿಣಮ್ಮ ಸೌಟು ಕೆಳಗಿಟ್ಟರು. ದನಿ ಏರಿಸಲಿಲ್ಲ.

"ಆ ಹುಡುಗಿ ಮೇಲೆ ಹಾಕಬೇಡ. ಇಷ್ಟು ವರ್ಷ ನನ್ನ ತಲೆಗೆ ತುಂಬಿದ್ದೆಲ್ಲ ನಿಮ್ಮಪ್ಪ, ಆಮೇಲೆ ನೀನು. ನಾನು ಬೇಡ ಅಂದದ್ದಿಲ್ಲ. ಇದೊಂದು ಮಾತ್ರ ಯಾರೂ ತುಂಬಿದ್ದಲ್ಲ. ಇದು ನಂದೇ."

ಧರ್ಮೇಶ್ ಕೈ ತೊಳೆದು ಎದ್ದು ಹೋದ. ಜೀಪು ಇಳಿಜಾರಿನಲ್ಲಿ ಇಳಿದು ಹೋದ ಸದ್ದು ಕೇಳಿಸಿತು.

ಅಡುಗೆಮನೆಯಲ್ಲಿ ಮುತ್ತಮ್ಮ ಒಲೆಯ ಮುಂದೆ ನಿಂತಿದ್ದಳು. ಅವಳು ಶನಿವಾರಸಂತೆ ಕಡೆಯವಳು. ಈ ಮನೆಗೆ ಬಂದ ಇಪ್ಪತ್ತು ವರ್ಷದಲ್ಲಿ ಜಮೀನಿನ ವಿಷಯಕ್ಕೆ ಬಾಯಿ ಹಾಕಿದವಳಲ್ಲ. ಸೊಸೆಯೂ ತಮ್ಮ ಮೇಲೆ ಮುನಿಸಿಕೊಂಡಿರಬಹುದು ಎಂದುಕೊಂಡು ರುಕ್ಮಿಣಮ್ಮ ಬಾಗಿಲಲ್ಲೇ ನಿಂತರು.

"ನಿಂಗೆ ಎಂತ ಅನ್ನಿಸ್ತದೆ ಮುತ್ತಮ್ಮ? ಹೇಳು, ಬೇಜಾರಿಲ್ಲ."

ಮುತ್ತಮ್ಮ ತಿರುಗಲಿಲ್ಲ. "ಕೊಡಿ ಅತ್ತೆ," ಎಂದಳು. "ನಮ್ಮ ಪಾಲು ಕಮ್ಮಿ ಆಗ್ತದೆ ಅಂತ ಗೊತ್ತು. ಆದ್ರೂ ಕೊಡಿ. ನಮ್ಮ ಮನೇಲಿ ನಂಗೆ ಯಾರೂ ಕೊಡ್ಲಿಲ್ಲ."

ರುಕ್ಮಿಣಮ್ಮ ಹೋಗಿ ಅವಳ ಬೆನ್ನ ಮೇಲೆ ಕೈ ಇಟ್ಟರು. ಆಮೇಲೆ ಸೀರೆ ಬದಲಿಸಿ ಮೊಮ್ಮಗಳ ಜೊತೆ ತಾವೂ ಕೊಟ್ಟಿಗೆಹಾರಕ್ಕೆ ಹೊರಟರು. ಹೊರಡುವಾಗ ಮುತ್ತಮ್ಮನೇ ಒಂದು ಡಬ್ಬಿಯಲ್ಲಿ ಕಡುಬು ತುಂಬಿ ವರ್ಷಿಣಿಯ ಬ್ಯಾಗಿನೊಳಗಿಟ್ಟಳು. "ಮಾವನ ಬಾಯಿ ಅಷ್ಟೇ ಕಣೆ, ಮನಸಲ್ಲಿ ಇಟ್ಕಬೇಡ," ಎಂದಳು.

ಅಜ್ಜಿ ಮೊಮ್ಮಗಳು ಮೂಡಿಗೆರೆಗೆ ಬಂದು, ಎರಡು ಖಾಸಗಿ ಬಸ್ಸು ಬಿಟ್ಟು, ಸರ್ಕಾರಿ ಬಸ್ಸು ಹತ್ತಿ ಕೊಟ್ಟಿಗೆಹಾರ ಸೇರಿದಾಗ ಹನ್ನೊಂದು ಗಂಟೆ. ಬೆಳಗಿನ ತಿಂಡಿಯ ಗಿರಾಕಿ ಕರಗಿ ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು. ಅಳಿಯ ತರಕಾರಿ ತರಲು ಹೋಗಿದ್ದ. ಸೌಂದರ್ಯ ಕಾವಲಿಯ ಮುಂದೆ ನೀರುದೋಸೆ ಹೊಯ್ಯುತ್ತಿದ್ದವಳು ತಾಯಿಯನ್ನೂ, ಬ್ಯಾಗು ಹೊತ್ತ ಮಗಳ ಊದಿದ ಕಣ್ಣುಗಳನ್ನೂ ನೋಡಿ ಗಾಬರಿಯಾದಳು.

"ಎಂತ ಆಯ್ತು?"

"ಎಂತದೂ ಆಗಿಲ್ಲ. ಆ ಒಲೆ ಸಣ್ಣ ಮಾಡಿ ಬಾ. ಕೂತ್ಕ ಇಲ್ಲಿ."

"ಯಾರಾದ್ರೂ ಗಿರಾಕಿ ಬರ್ತಾರೆ ಅವ್ವ."

"ಬರ್ಲಿ. ಕಾಯ್ತಾರೆ."

ಸೌಂದರ್ಯ ಎದುರಿನ ಬೆಂಚಿನ ತುದಿಯಲ್ಲಿ ಕುಳಿತಳು. ರುಕ್ಮಿಣಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅಷ್ಟರಲ್ಲಿ ಎಲ್ಲೋ ಹೋಗಿದ್ದವು.

"ಆರು ವರ್ಷದ ಹಿಂದೆ ನಿನ್ನ ಕರೆಸಿ ಸಹಿ ಹಾಕಿಸಿದ್ನಲ್ಲ. ಅದು ನಂಗೆ ಸರಿ ಕಾಣ್ತಿಲ್ಲ."

ಸೌಂದರ್ಯ ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದಳು. "ಅದೆಲ್ಲ ಈಗ ಎಂತಕ್ಕೆ ಅವ್ವ? ಆಗಿ ಹೋಯ್ತಲ್ಲ."

"ಆವತ್ತು ನಿಂಗೆ ಎಂತ ಅನ್ನಿಸ್ತು? ಅದು ಹೇಳು."

ಬಟ್ಟೆ ಹಿಡಿದ ಕೈ ನಿಂತಿತು. "ಎಂತ ಅನ್ನಿಸ್ತು ಅಂತ ಇಷ್ಟು ದಿನ ಯಾರೂ ಕೇಳಿರ್ಲಿಲ್ಲ ನೋಡು. ಇವ್ರೂ ಕೇಳ್ಲಿಲ್ಲ," ಎಂದು ಸೌಂದರ್ಯ ಸ್ವಲ್ಪ ನಕ್ಕಳು. "ಆ ಆಫೀಸಲ್ಲಿ ಪತ್ರ ಓದಿದ್ರಲ್ಲ, 'ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ' ಅಂತ. ನಂಗೆ ಇಚ್ಛೆ ಇದೆಯಾ ಇಲ್ವಾ ಅಂತ ನಾನೇ ಯೋಚನೆ ಮಾಡ್ತಾ ನಿಂತಿದ್ದೆ. ಅಷ್ಟರಲ್ಲಿ ಕ್ಯಾಮೆರಾ ನೋಡಿ ಅಂದ್ರು, ನೋಡ್ದೆ. ಹೆಬ್ಬೆಟ್ಟು ಒತ್ತಿ ಅಂದ್ರು, ಒತ್ತಿದೆ. ಬಸ್ಸಲ್ಲಿ ಕೂತ ಮೇಲೆ ನೆನಪಾಯ್ತು, ಯೋಚನೆ ಇನ್ನೂ ಮುಗ್ದಿರ್ಲಿಲ್ಲ ಅಂತ."

ರುಕ್ಮಿಣಮ್ಮ ಬೆಂಚಿನ ಮೇಲೆ ಮುಂದಕ್ಕೆ ಸರಿದರು.

"ನೀನು ಕೇಳಿದ್ರೆ ನಾನೇ ಬೇಡ ಅಂತಿದ್ದೆ ಅವ್ವ," ಎಂದಳು ಸೌಂದರ್ಯ. "ಅಣ್ಣ ಎಷ್ಟು ದುಡಿತಾನೆ ನಂಗೆ ಗೊತ್ತಿಲ್ವಾ? ಆದ್ರೆ ನೀನು ಕೇಳ್ಲಿಲ್ಲ. ಕರೆದೆ, ಅಷ್ಟೆ."

"ತಪ್ಪಾಯ್ತು ಮಗಾ. ಈಗ ಕೇಳ್ತಿದೀನಿ. ನಿಂಗೆ ಬೇಕಾ?"

ಅದೇ ಹೊತ್ತಿಗೆ ಲಾರಿಯವರಿಬ್ಬರು ಒಳಗೆ ಬಂದು ನಾಲ್ಕು ನಾಲ್ಕು ದೋಸೆ ಹೇಳಿದರು. ಸೌಂದರ್ಯ ಎದ್ದು ಹೋದಳು. ದೋಸೆ ಹೊಯ್ದಳು, ಮಡಿಸಿದಳು, ಚಟ್ನಿ ಬಡಿಸಿದಳು, ಅವರು ಕೇಳಿದಾಗ ಇನ್ನೂ ಎರಡೆರಡು ಹೊಯ್ದಳು. ರುಕ್ಮಿಣಮ್ಮ ಬೆಂಚಿನ ಮೇಲೆ ಹಾಗೆಯೇ ಕುಳಿತಿದ್ದರು. ಬೇಡ ಎನ್ನುತ್ತಾಳೆ ಎಂದು ಅವರಿಗೆ ಖಾತ್ರಿಯಿತ್ತು. ಒಳ್ಳೆಯ ಹೆಣ್ಣುಮಕ್ಕಳು ಬೇಡ ಎನ್ನಬೇಕೆಂದು ಕಲಿಸಿದವರು ಅವರೇ ತಾನೆ.

ಲಾರಿಯವರು ಕೈ ತೊಳೆಯಲು ಎದ್ದರು. ಸೌಂದರ್ಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ತಾಯಿಯ ಮುಂದೆ ನಿಂತಳು.

"ಬೇಕು," ಎಂದಳು. "ನಂಗೆ ಬೇಕು ಅವ್ವ."

ಚಿಕ್ಕಂದಿನಲ್ಲಿ ಸಂತೆಯ ಬಳೆಗಾರನ ಮುಂದೆ ನಿಂತು ಹೀಗೆಯೇ ಹೇಳುತ್ತಿದ್ದ ಹುಡುಗಿ. ಆಮೇಲೆ ಯಾವ ವರ್ಷ, ಯಾವ ದಿನ ಅವಳು ಬೇಕು ಎನ್ನುವುದನ್ನು ನಿಲ್ಲಿಸಿದಳೋ ತಾಯಿಯಾದವಳಿಗೆ ತಿಳಿಯಲೇ ಇಲ್ಲ. ರುಕ್ಮಿಣಮ್ಮ ಅವಳ ಹಿಟ್ಟಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೊಡುವವರು ತಾವಾಗಿದ್ದರೂ ಏನೋ ಪಡೆದುಕೊಂಡವರ ಹಾಗೆ ಅವರ ಮುಖ ಅರಳಿತ್ತು.

"ವರ್ಷಿಣಿ, ತಾರೆ ಆ ಫೋನು," ಎಂದು ಕೂಗಿದರು.

ಇಪ್ಪತ್ತೆರಡನೆಯದನ್ನು ಅವರೇ ತಮ್ಮ ಬೆರಳಿನಿಂದ ಒತ್ತಿದರು. 'ಪೂರ್ತಿ ಒಪ್ಪುತ್ತೇನೆ'. ಮೊದಲ ಸಲ ಬೆರಳು ಒಣಗಿದ್ದರಿಂದ ಹತ್ತಲಿಲ್ಲ. ಒದ್ದೆ ಮಾಡಿಕೊಂಡು ಇನ್ನೊಮ್ಮೆ ಒತ್ತಿದರು. ಪರದೆಯ ಮೇಲೆ ಒಂದು ಚೌಕ ಬಂತು, ನಡುವಿನಿಂದ ತುಸು ಆಚೆಗೆ ಒಂದು ಕೆಂಪು ಚುಕ್ಕಿ. ವರ್ಷಿಣಿ ಓದಿದಳು: "ನಿಮ್ಮ ಅಭಿಪ್ರಾಯಗಳು ಯಾವುದೇ ಒಂದು ಪಕ್ಷದೊಂದಿಗೆ ಪೂರ್ತಿಯಾಗಿ ಹೊಂದುವುದಿಲ್ಲ."

"ಅಂದ್ರೆ ನಾನು ಫೇಲಾ?"

"ಇಲ್ಲ ಅಜ್ಜಿ! ಇದರಲ್ಲಿ ಫೇಲು ಪಾಸು ಇಲ್ಲ."

"ಹಂಗಾದ್ರೆ ಮುಂದಿನ ಸಲ ಯಾರಿಗೆ ಹಾಕದು?"

"ಅದನ್ನ ನೀವೇ ಯೋಚನೆ ಮಾಡ್ಬೇಕು."

"ಅಯ್ಯೋ, ಇನ್ನೊಂದು ಹನ್ನೊಂದು ದಿನ!" ಎಂದು ಸೌಂದರ್ಯ ನಕ್ಕಳು. ಬೆಳಗಿನಿಂದ ಬಿಗಿದುಕೊಂಡಿದ್ದ ವರ್ಷಿಣಿಯೂ ನಕ್ಕಳು.

ರುಕ್ಮಿಣಮ್ಮ ಸಂಜೆ ಒಬ್ಬರೇ ಮನೆಗೆ ಬಂದರು. ವರ್ಷಿಣಿ ಬರಲು ಒಪ್ಪಲಿಲ್ಲ. ಧರ್ಮೇಶ್ ನಾಲ್ಕು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಊಟಕ್ಕೆ ಬರುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ. ಅವರೂ ಮಾತಾಡಿಸಲಿಲ್ಲ. ಮಗನ ಸಿಟ್ಟು ನ್ಯಾಯವಲ್ಲದಿದ್ದರೂ ಅವನ ನೋವು ಸುಳ್ಳಲ್ಲ ಎಂದು ಅವರಿಗೆ ಗೊತ್ತಿತ್ತು. ಅವನ ತಟ್ಟೆಗೆ ತುಪ್ಪ ಮಾತ್ರ ಎಂದಿಗಿಂತ ಒಂದು ಚಮಚ ಹೆಚ್ಚು ಬಿತ್ತು.

ಐದನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಜೀಪು ನಿಂತಿತು. ಮುಂದಿನ ಸೀಟಿನಿಂದ ಬ್ಯಾಗು ಹಿಡಿದು ವರ್ಷಿಣಿ ಇಳಿದಳು. ಹಿಂದೆ ಧರ್ಮೇಶ್ ಬಂದ. ಜಗಲಿಯ ಕಂಬಕ್ಕೆ ಒರಗಿ ನಿಂತು, ತೋಟದ ಕಡೆ ನೋಡುತ್ತಾ ಹೇಳಿದ:

"ಹೊಳೆ ಬದಿದು ಅವಳಿಗೆ ಬೇಡ ಅವ್ವ. ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ತದೆ, ವರ್ಷವೂ ಕೊಳೆರೋಗ. ದಿನಾ ಹೋಗಿ ನೋಡ್ಬೇಕು. ಅವಳು ಹೋಟ್ಲು ಬಿಟ್ಟು ಹೆಂಗೆ ಬರ್ತಾಳೆ? ರಸ್ತೆ ಬದಿ ಎರಡು ಎಕರೆ ನಾನು ಅವಳ ಹೆಸರಿಗೆ ಮಾಡ್ತೀನಿ. ಬಸ್ಸಿಳಿದ್ರೆ ತೋಟ. ಹೊಳೆ ಬದಿದು ನಂಗೆ ಬರಿ."

ರಸ್ತೆ ಬದಿಯದು ಇಡೀ ಆರು ಎಕರೆಯಲ್ಲೇ ಒಳ್ಳೆಯ ಜಾಗ. ಅಲ್ಲಿನ ಮೆಣಸಿನ ಬಳ್ಳಿಗಳನ್ನು ಅವನು ಮಕ್ಕಳ ಹಾಗೆ ಸಾಕಿದ್ದ.

ರುಕ್ಮಿಣಮ್ಮ "ಊಟ ಆಯ್ತಾ?" ಎಂದರು.

"ಅಲ್ಲೇ ಆರು ದೋಸೆ ತಿಂದ್ರು ಅಜ್ಜಿ, ಒಂದು ಮಾತೂ ಆಡದೆ," ಎಂದು ವರ್ಷಿಣಿ ಆಮೇಲೆ ಒಳಗೆ ಬಂದು ಹೇಳಿದಳು. "ಎದ್ದು ನಿಂತು ಅಮ್ಮನ ಹತ್ರ 'ಹೊಳೆ ಬದಿದು ನಿಂಗಿಲ್ಲ' ಅಂದ್ರು. ಅಮ್ಮನ ಮುಖ ಇಷ್ಟಾಯ್ತು. ಆಮೇಲೆ ರಸ್ತೆ ಬದಿದು ಅಂದ್ರು. ಅಮ್ಮ ಅಲ್ಲೇ ಕೂತು ಅತ್ಲು. ಮಾವ ನಂಗೆ 'ಬ್ಯಾಗು ತಗಂಡು ಬಾ, ನಿನ್ನ ಅತ್ತೆ ನಂಗೆ ನಾಲ್ಕು ದಿನದಿಂದ ಸರಿಯಾಗಿ ಸಾರು ಹಾಕಿಲ್ಲ' ಅಂದ್ರು."

ಮುತ್ತಮ್ಮ ಒಲೆಯ ಬೆಂಕಿ ಸರಿಮಾಡುವ ನೆಪದಲ್ಲಿ ಬಗ್ಗಿಯೇ ಇದ್ದಳು.

ಮಾರ್ಚಿನಲ್ಲಿ ಪತ್ರಗಳಾದವು. ಈ ಸಲ ರುಕ್ಮಿಣಮ್ಮ ಗುಮಾಸ್ತರಿಗೆ ನಿಧಾನವಾಗಿ ಓದಲು ಹೇಳಿದರು. ಓದಿ ಮುಗಿದ ಮೇಲೆ ಸೌಂದರ್ಯಳ ಕಡೆ ತಿರುಗಿ "ಯೋಚನೆ ಮುಗೀತಾ?" ಎಂದು ಕೇಳಿದರು. ಅವಳು ಮುಗಿಯಿತು ಎಂದ ಮೇಲೆಯೇ ಅವಳ ಮುಂದೆ ಕಾಗದ ಸರಿಸಲು ಬಿಟ್ಟರು.

ವರ್ಷಿಣಿ ಎರಡು ಪುಟ ಬರೆಯಬೇಕಾದ ಕಡೆ ಒಂಬತ್ತು ಪುಟ ಬರೆದಿದ್ದಳು. ಮೇಡಂ ಅದನ್ನು ಕ್ಲಾಸಿನಲ್ಲಿ ಓದಿಸಿದರಂತೆ. ರುಕ್ಮಿಣಮ್ಮನಿಗೆ ಬೇಕಾಗಿದ್ದದ್ದು ಒಂದೇ: ಆ ಪ್ರಶ್ನೆಗಳನ್ನು ಬರೆದವರು ಯಾರು? ಮೇಡಂಗೂ ಗೊತ್ತಿರಲಿಲ್ಲ. ಎಲ್ಲೋ ಬೇರೆ ಊರಿನವರು, ನಾಲ್ಕಾರು ಜನ ಸೇರಿ ಮಾಡಿದ್ದಿರಬೇಕು ಎಂದರಂತೆ.

"ಯಾರಾದ್ರೂ ಇರ್ಲಿ," ಎಂದರು ರುಕ್ಮಿಣಮ್ಮ. "ಅವರ ಹೊಟ್ಟೆ ತಣ್ಣಗಿರ್ಲಿ. ನನ್ನಂಥೋಳನ್ನ ಕೂರಿಸಿ ಮೂವತ್ತು ಮಾತು ಕೇಳಿದ್ರು."

ಮೇ ತಿಂಗಳಲ್ಲಿ, ಮಳೆಗೆ ಮೊದಲು, ತೋಟದಲ್ಲಿ ಮರಗಸಿ ಶುರುವಾಯಿತು. ಕಾಫಿಗೆ ಬೇಕಾದಷ್ಟು ಬಿಸಿಲು ಬೀಳುವ ಹಾಗೆ ನೆರಳಿನ ಮರಗಳ ಕೊಂಬೆ ಇಳಿಸುವ ಕೆಲಸ. ಭಾಗಮ್ಮನ ಗಂಡ ದಾಸಯ್ಯ ಅದರಲ್ಲಿ ಎತ್ತಿದ ಕೈ. ಸೌಂದರ್ಯ ಒಂದು ದಿನದ ಮಟ್ಟಿಗೆ ಹೋಟೆಲನ್ನು ಗಂಡನಿಗೆ ಬಿಟ್ಟು ಬೆಳಗಿನ ಬಸ್ಸಿಗೇ ಬಂದಿಳಿದಳು. ಕೆಲಸದವರಿಗೆಂದು ದೊಡ್ಡ ಡಬ್ಬಿಯಲ್ಲಿ ನೀರುದೋಸೆ ತಂದಿದ್ದಳು. ಹೊಟ್ಟೆತುಂಬ ತಿಂದಾದ ಮೇಲೆ ದಾಸಯ್ಯ ಸೊಂಟಕ್ಕೆ ಕತ್ತಿ ಸಿಕ್ಕಿಸಿ ರಸ್ತೆ ಬದಿಯ ದೊಡ್ಡ ಹಲಸಿನ ಮರವನ್ನು ಅರ್ಧ ಏರಿ, ಅಲ್ಲಿಂದ ಕೆಳಗೆ ನೋಡಿ ಕೂಗಿದ.

"ಅಯ್ಯಾ, ಈ ಪಡುವಣ ಕೊಂಬೆ ಇಳಿಸದಾ, ಇಡದಾ?"

ಧರ್ಮೇಶ್ ಬಾಯಿ ತೆರೆದವನು ಅಲ್ಲೇ ನಿಲ್ಲಿಸಿದ. "ನನ್ನನ್ನ ಕೇಳಬೇಡ ಮಾರಾಯ. ಯಜಮಾನಮ್ಮ ಅಲ್ಲಿದಾಳೆ ನೋಡು."

ಸೌಂದರ್ಯ ಕಕ್ಕಾಬಿಕ್ಕಿಯಾಗಿ ತಾಯಿಯ ಮುಖ ನೋಡಿದಳು. ರುಕ್ಮಿಣಮ್ಮನಿಗೆ ಉತ್ತರ ಗೊತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಸೌಂದರ್ಯ ಎರಡು ಹೆಜ್ಜೆ ಹಿಂದೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು, ಬಿಸಿಲು ಎಲ್ಲಿಂದ ಬರುತ್ತದೆ, ಯಾವ ಗಿಡದ ಮೇಲೆ ಬೀಳುತ್ತದೆ ಎಂದು ಬಹಳ ಹೊತ್ತು ನೋಡಿದಳು. ದಾಸಯ್ಯ ಕೊಂಬೆಯ ಮೇಲೆ ಕುಳಿತು ಬೀಡಿ ಹಚ್ಚಿದ. ಅವಸರ ಯಾರಿಗೂ ಇರಲಿಲ್ಲ.

ಕೆಳಗೆ ಕಲ್ಲಿನ ಮೇಲೆ ಕುಳಿತ ರುಕ್ಮಿಣಮ್ಮ ಮಗಳನ್ನೂ, ಸುಮ್ಮನೆ ಕಾಯುತ್ತಾ ನಿಂತ ಮಗನನ್ನೂ ನೋಡಿದರು. ಇದನ್ನು ನೋಡುವಷ್ಟು ದಿನ ತಮ್ಮನ್ನು ಉಳಿಸಿದ್ದಕ್ಕೆ ಅವರು ಮನಸ್ಸಿನಲ್ಲೇ ಕೈ ಮುಗಿದರು.

"ಅರ್ಧ ಇಳಿಸು ದಾಸಯ್ಯ," ಎಂದಳು ಸೌಂದರ್ಯ. "ತುದಿದು ತೆಗಿ. ಬುಡದ್ದು ಇರ್ಲಿ."